ಸೆಕೆಂಡಿಗೆ ಎಂಬತ್ತೈದು

ಗೋಡೆಯ ಮೇಲಿನ ದೊಡ್ಡ ಪರದೆ ಮೂರು ವಾರಗಳಿಂದ ಅಪ್ಪಟ ಹಸಿರಾಗಿತ್ತು. ಮರಣ ನೋಂದಣಿ ಕಚೇರಿಯ ಗಣಕ ವಿಭಾಗದಲ್ಲಿ ಇದರಿಂದ ಎಲ್ಲರಿಗೂ ನೆಮ್ಮದಿಯಿತ್ತು, ದಶಾಂಶನೊಬ್ಬನನ್ನು ಬಿಟ್ಟು. ಯಾವುದನ್ನೂ ಎರಡು ದಶಾಂಶ ಸ್ಥಾನಗಳವರೆಗೆ ಹೇಳದಿದ್ದರೆ ಉಂಡದ್ದು ಅರಗದ ಆತನಿಗೆ ಸಹೋದ್ಯೋಗಿಗಳೇ ಇಟ್ಟ ಹೆಸರು ಅದು. ಆ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಅವನು ಕನ್ನಡಕ ಒರೆಸಿಕೊಂಡು ಪರದೆಯನ್ನು ಹತ್ತಿರದಿಂದ ನೋಡಿದ. ಗ್ರಹಚಾರ ಶುರುವಾದದ್ದು ಆಗಲೇ.

“ಮೇಡಂ, ಹಸಿರಿದೆ ಅಂದ್ರೆ ತೊಂದರೆ ಇಲ್ಲ ಅಂತಲ್ಲ. ಮಾಹಿತಿನೇ ಬರ್ತಿಲ್ಲ. ತಪ್ಪು ಯಾವುದೂ ಕಾಣ್ಲಿಲ್ಲ ಅಂತ ಪರದೆ ಹಸಿರು ಬಳ್ಕೊಂಡು ಕೂತಿದೆ.”

ಮೇಲ್ವಿಚಾರಕಿ ಕಡತದಿಂದ ತಲೆಯೆತ್ತಲಿಲ್ಲ. “ಹಸಿರಿದೆ ತಾನೆ? ಮಲಗಿರೋದನ್ನ ಯಾಕ್ರೀ ತಟ್ಟಿ ಎಬ್ಬಿಸ್ತೀರಿ?”

“ನಾಡಿನೇ ಹಿಡೀದೆ ರೋಗಿ ಚೆನ್ನಾಗಿದಾನೆ ಅಂದ ಹಾಗಾಗತ್ತೆ ಮೇಡಂ.”

“ನಮ್ಮ ಕಚೇರಿಗೆ ಬರೋ ಹೆಸರುಗಳಿಗೆ ನಾಡಿ ಇರಲ್ಲ ಬಿಡಿ.” ಹಾಗೆಂದವರಿಗೆ ತಟ್ಟನೆ ಏನೋ ನೆನಪಾಗಿ ಮುಖ ಬಿಳಿಚಿಕೊಂಡಿತು. “ಅಯ್ಯೋ, ಮೂರು ಗಂಟೆಗೆ ತನಿಖಾಧಿಕಾರಿ ಬರ್ತಾರೆ! ನಿಮ್ಮನ್ನ ಖಾಯಂ ಮಾಡೋ ಫೈಲೂ ಅವರ ಹತ್ರಾನೇ ಇದೆ. ಅಷ್ಟೊತ್ತಿಗೆ ಪರದೆ ಮೇಲೆ ಗೆರೆ ಓಡ್ತಿದ್ರೆ ಸಹಿ ಬೀಳತ್ತೆ. ಇಲ್ಲಾಂದ್ರೆ ಈ ತಿಂಗಳಿಗೆ ನಿಮ್ಮ ಅವಧಿ ಮುಗೀತು ಅಂದ್ಕೊಳ್ಳಿ.”

ದಶಾಂಶ ಆರು ವರ್ಷಗಳಿಂದ ತಾತ್ಕಾಲಿಕ ನೌಕರ. ಅಷ್ಟೂ ವರ್ಷ ಅವನು ಮಲಗುತ್ತಿದ್ದುದು ಅಕ್ಕನ ಮನೆಯ ಹಜಾರದಲ್ಲಿ, ಫ್ರಿಜ್ಜಿಗೂ ಚಪ್ಪಲಿಯ ಗೂಡಿಗೂ ನಡುವಿನ ಸೋಫಾದ ಮೇಲೆ. ಖಾಯಂ ಆದವರಿಗೆ ಕಚೇರಿಯ ಹಿಂದಿನ ವಸತಿಗೃಹದಲ್ಲಿ ಒಂದು ಕೋಣೆ ಸಿಗುತ್ತಿತ್ತು, ಬಾಗಿಲಿರುವ ಕೋಣೆ. “ಲೋ, ನೀನು ಎದ್ದು ಹೋದ್ಮೇಲೂ ಈ ಸೋಫಾ ನಿನ್ನ ಆಕಾರದಲ್ಲೇ ಇರತ್ತಲ್ಲೋ” ಎಂದು ಭಾವ ಅಂದು ಬೆಳಿಗ್ಗೆಯಷ್ಟೇ ಹೇಳಿದ್ದರು. ತಮಾಷೆಯ ಮಾತು, ಆದರೆ ಹೇಳುವಾಗ ಭಾವ ನಗುತ್ತಿರಲಿಲ್ಲ.

ವಿಭಾಗದಲ್ಲಿ ನಲವತ್ತು ಯಂತ್ರಗಳ ಒಂದು ಗುಂಪಿತ್ತು. ಅರ್ಜಿ ಪರಿಶೀಲಿಸುವ, ಪ್ರಮಾಣಪತ್ರ ಬರೆಯುವ ಪುಟ್ಟ ಪುಟ್ಟ ತಂತ್ರಾಂಶಗಳು ಅವುಗಳೊಳಗೆ ತಂತಮ್ಮ ಡಬ್ಬಿಗಳಲ್ಲಿ, ಅಂದರೆ ಕಂಟೇನರುಗಳಲ್ಲಿ, ಕುಳಿತಿರುತ್ತಿದ್ದವು. ಪ್ರತಿ ಯಂತ್ರದ ಬಾಗಿಲಲ್ಲಿ ಪ್ರಾಕ್ಸಿ ಎಂಬ ಒಬ್ಬ ದ್ವಾರಪಾಲಕ. ಬಂದ ಕೋರಿಕೆಯನ್ನು ಸರಿಯಾದ ಡಬ್ಬಿಗೆ ಕಳಿಸುವುದು, ಎಷ್ಟು ಬಂದವೆಂದು ಎಣಿಸಿಟ್ಟುಕೊಳ್ಳುವುದು ಆ ದ್ವಾರಪಾಲಕನ ಕೆಲಸ. ನಲವತ್ತೂ ದ್ವಾರಪಾಲಕರನ್ನು ಆಗಾಗ ಕೇಳಿ, ಉತ್ತರಗಳನ್ನು ಕೂಡಿಸಿ, ಗೋಡೆಯ ಮೇಲೆ ಗೆರೆಯಾಗಿ ಎಳೆಯುವುದು ದಶಾಂಶನ ಕೆಲಸ.

ಹತ್ತೂವರೆಗೆ ಕಾರಣ ಸಿಕ್ಕಿತು. ಮೂರು ವಾರಗಳ ಹಿಂದೆ ನಡೆದ ನವೀಕರಣದಲ್ಲಿ, ಎಣಿಕೆ ಹೇಳುವ ಪಕ್ಕದ ಬಾಗಿಲು ಮುಚ್ಚಿಹೋಗಿತ್ತು. ಯಂತ್ರದ ಒಳಗಿನಿಂದ ಕೇಳಿದರೆ ಮಾತ್ರ ದ್ವಾರಪಾಲಕರು ಉತ್ತರಿಸುತ್ತಿದ್ದರು. ಮುನಿಸಿಕೊಂಡ ಅತ್ತೆ ಗೋಡೆಗೆ ಮುಖ ಮಾಡಿ ಮಾತಾಡಿಕೊಳ್ಳುವಂತೆ, ಮೂರು ವಾರಗಳಿಂದ ತಮ್ಮ ಎಣಿಕೆಯನ್ನು ತಮಗೇ ಒಪ್ಪಿಸಿಕೊಳ್ಳುತ್ತಿದ್ದರು.

ಬಾಗಿಲು ತೆರೆಸಲು ಭದ್ರತೆಯ ಎಂಜಿನಿಯರನ ಒಪ್ಪಿಗೆ ಬೇಕಿತ್ತು. ಆತನನ್ನು ಎಲ್ಲರೂ ಬೀಗ ಎಂದೇ ಕರೆಯುತ್ತಿದ್ದರು.

“ಪಕ್ಕದ ಬಾಗಿಲು ತೆಗೆಯೋ ಮಾತೇ ಇಲ್ಲ” ಎಂದ ಬೀಗ. “ಜನ ಬರೋ ಮುಂಬಾಗಿಲಲ್ಲೇ ಬಂದು ಕೇಳಿ. ಮತ್ತೆ ನೀವು ಕೇಳೋದಾದ್ರೆ ನಾನೂ ಕೇಳ್ತೀನಿ, ಐದು ಸೆಕೆಂಡಿಗೊಂದ್ಸಲ. ನೀವೇನು ಕೇಳ್ತಿದೀರ ಅಂತ ನನಗೆ ಗೊತ್ತಾಗ್ಬೇಡ್ವಾ?”

ಪಕ್ಕದ ಮೇಜಿನಲ್ಲಿ ಕುಳಿತ ಯೋಜನಾಧಿಕಾರಿಗೆ ನಿವೃತ್ತಿ ಹತ್ತಿರವಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. “ಹಾಗಾದ್ರೆ ನಂದೂ ಒಂದಿರ್ಲಪ್ಪ. ಎರಡು ಸೆಕೆಂಡಿಗೊಂದು ಸಾಕು, ನಾನು ದುರಾಸೆ ಪಡೋನಲ್ಲ.”

“ನಿಮ್ಮದು ಪ್ರತಿ ಸೆಕೆಂಡಿಗೂ ಇರ್ಲಿ” ಎಂದು ಮೇಲ್ವಿಚಾರಕಿ ದಶಾಂಶನಿಗೆ ಒಳಗಿನಿಂದಲೇ ಕೂಗಿ ಹೇಳಿದರು. “ಅವರು ನೋಡೋವಾಗ ಗೆರೆಗೆ ಜೀವ ಇರ್ಬೇಕು.”

ಅವನು ಒಂದೊಂದೇ ಯಂತ್ರದ ಸೂಚನಾಪಟ್ಟಿ ತಿದ್ದುತ್ತ ಹೋದ. ಇಪ್ಪತ್ತೊಂದನೆಯದಕ್ಕೆ ಬಂದಾಗ ಅಕ್ಕನ ಫೋನು.

“ಏನೋ, ಸಹಿ ಆಯ್ತಾ? ಕೋಣೆಗೆ ಕಿಟಕಿ ಎಷ್ಟು ಅಂತ ಕೇಳ್ಕೊಂಡು ಬಾ, ಪರದೆ ಹೊಲಿಸ್ಬೇಕು.”

“ಅಕ್ಕಾ, ಇನ್ನೂ ಏನೂ ಆಗಿಲ್ಲ...”

“ಆಗತ್ತೆ ಬಿಡೋ. ನಿಮ್ಮ ಭಾವ ಆಗ್ಲೇ ಸೋಫಾ ಜಾಗಕ್ಕೆ ಮೀನಿನ ತೊಟ್ಟಿ ನೋಡ್ಕೊಂಡು ಬಂದಿದಾರೆ.”

ಮೀನಿನ ತೊಟ್ಟಿಯ ಚಿಂತೆಯಲ್ಲಿ ಬೆರಳು ತಪ್ಪಿತು. ಒಂದೇ ಒಂದು ತಪ್ಪು ಸಾಲು ಮುಂದಿನ ಹತ್ತು ಯಂತ್ರಗಳಿಗೆ ಹೋಗಿ, ಹತ್ತು ದ್ವಾರಪಾಲಕರು ಶವಾಗಾರದ ಅತಿಥಿಗಳಂತೆ ಸಾಲಾಗಿ ಮಲಗಿದರು. ಹಸಿರು ಪರದೆ ಮೊದಲ ಬಾರಿಗೆ ಕೆಂಪಾಯಿತು. ಮೇಲ್ವಿಚಾರಕಿ ಎದೆ ಹಿಡಿದುಕೊಂಡರು. ಬೀಗ “ನಾನು ಹೇಳಿರ್ಲಿಲ್ವಾ?” ಎಂದ, ಅವನು ಹೇಳಿರಲಿಲ್ಲ. ದಶಾಂಶ ಊಟ ಬಿಟ್ಟು, ಬೆವರು ಒರೆಸಿಕೊಳ್ಳುತ್ತ, ಹತ್ತನ್ನೂ ಎಬ್ಬಿಸಿ ಕೂರಿಸಿ, ಉಳಿದವನ್ನೂ ತಿದ್ದಿ ಮುಗಿಸುವಾಗ ಒಂದೂವರೆ.

ಆಗ ಗೆರೆ ಕಾಣಿಸಿತು. ನೆಲದಿಂದ ಎದ್ದು, ಅರವತ್ತೆಂಟನ್ನು ಮುಟ್ಟಿ ನಿಂತಿತು. ಸೆಕೆಂಡಿಗೆ ಅರವತ್ತೆಂಟು ಕೋರಿಕೆಗಳು!

“ಭೇಷ್!” ಯೋಜನಾಧಿಕಾರಿ ಮೇಜು ಕುಟ್ಟಿದರು. “ಇಷ್ಟೊಂದು ಸಾವಾ! ನಾನು ಹೇಳ್ತಾನೇ ಇದ್ದೆ, ನಮ್ಮ ವಿಭಾಗಕ್ಕೆ ಒಳ್ಳೆ ಭವಿಷ್ಯ ಇದೆ ಅಂತ. ನಲವತ್ತು ಯಂತ್ರ ಸಾಲಲ್ಲ. ಗೋದಾಮಲ್ಲಿರೋ ಹತ್ತನ್ನೂ ಹಚ್ಚಿ.”

ಹಚ್ಚಿದರು. ಗೆರೆ ಇನ್ನೂ ಏರಿತು. ಮೂವರೂ ಒಬ್ಬರ ಕೈ ಒಬ್ಬರು ಕುಲುಕಿದರು. ಊರಿನಲ್ಲಿ ಎಷ್ಟು ಮನೆಗಳಲ್ಲಿ ಒಲೆ ಹೊತ್ತಿಲ್ಲವೋ ಎಂಬ ಯೋಚನೆ ಆ ಮೂವರಲ್ಲಿ ಯಾರಿಗೂ ಬರಲಿಲ್ಲ. ದಶಾಂಶನಿಗೆ ಬಂತು. ಅವನು ಮತ್ತೆ ಕನ್ನಡಕ ಒರೆಸಿಕೊಂಡ.

ಗೆರೆ ಎಂಬತ್ತೈದರಲ್ಲಿತ್ತು. ಒಂದು ನಿಮಿಷದ ನಂತರವೂ ಎಂಬತ್ತೈದು. ಹತ್ತು ನಿಮಿಷದ ನಂತರ ಎಂಬತ್ತೈದು ಬಿಂದು ಸೊನ್ನೆ ಸೊನ್ನೆ. ಜನ ಇಷ್ಟು ಶಿಸ್ತಾಗಿ ಸಾಯುವುದಿಲ್ಲ.

ಅವನು ಕಾಗದ ತೆಗೆದ. ಐವತ್ತು ಯಂತ್ರಗಳನ್ನು ತಾನು ಸೆಕೆಂಡಿಗೊಮ್ಮೆ ಕೇಳಿದರೆ ಐವತ್ತು. ಯೋಜನಾಧಿಕಾರಿ ಎರಡು ಸೆಕೆಂಡಿಗೊಮ್ಮೆ, ಇಪ್ಪತ್ತೈದು. ಬೀಗ ಐದು ಸೆಕೆಂಡಿಗೊಮ್ಮೆ, ಹತ್ತು. ಕೂಡಿದರೆ ಎಂಬತ್ತೈದು. ಮುಂಬಾಗಿಲಲ್ಲಿ ಬಂದವರನ್ನೆಲ್ಲ ಎಣಿಸುವ ದ್ವಾರಪಾಲಕರು, “ಎಷ್ಟು ಜನ ಬಂದರು?” ಎಂದು ಕೇಳಲು ಬಂದವರನ್ನೂ ಎಣಿಸುತ್ತಿದ್ದರು. ಬೇರೆ ಯಾರೂ ಬಂದಿರಲೇ ಇಲ್ಲ.

“ಮೇಡಂ, ಇದು ನಾವೇ!” ಎಂದು ಅವನು ಪಿಸುಗುಟ್ಟಿದ. “ಪೂರ್ತಿ ನಾವೇ. ಒಂದು ಹೆಣವೂ ಇಲ್ಲ.”

ಮೇಲ್ವಿಚಾರಕಿ ಅವನ ತೋಳು ಹಿಡಿದರು. “ಗಂಟೆ ಮೂರಾಗ್ತಾ ಬಂತು. ಹತ್ತು ನಿಮಿಷ ಬಾಯಿ ಮುಚ್ಕೊಂಡಿರಿ, ಜೀವನಪೂರ್ತಿ ಖಾಯಂ. ಅರ್ಥ ಆಯ್ತಾ?”

ತನಿಖಾಧಿಕಾರಿ ಮೆಲುದನಿಯ ಸಣಕಲು ಮನುಷ್ಯ. ಕೈಯಲ್ಲೊಂದು ತೆಳು ಚೀಲ. ಪರದೆಯ ಮುಂದೆ ಬಹಳ ಹೊತ್ತು ನಿಂತರು.

“ಇಷ್ಟೊಂದು ಜನ ಸಾಯ್ತಿದಾರಾ?”

“ನಿಮ್ಮ ಆಶೀರ್ವಾದ ಸಾರ್” ಎಂದರು ಯೋಜನಾಧಿಕಾರಿ. “ಒಂದೊಂದು ಅರ್ಜಿಗೂ ಹತ್ತಾರು ಕೋರಿಕೆ ಇರ್ತವೆ.”

ತನಿಖಾಧಿಕಾರಿ ದಶಾಂಶನ ಕಡೆ ತಿರುಗಿದರು. “ಗೆರೆ ಎಳೆದೋರು ನೀವು ತಾನೆ? ನೀವು ಹೇಳಿ. ಇದರಲ್ಲಿ ಜನ ಎಷ್ಟು?”

ದಶಾಂಶನ ಕಣ್ಣ ಮುಂದೆ ಬಾಗಿಲಿರುವ ಕೋಣೆ ತೇಲಿತು, ಕಿಟಕಿಗಳು ತೇಲಿದವು. ಸುಳ್ಳು ಹೇಳಲು ಬಾಯಿ ತೆರೆದ. ಆದರೆ ಎರಡು ದಶಾಂಶ ಸ್ಥಾನಗಳವರೆಗೆ ಸುಳ್ಳು ಹೇಳುವ ಅಭ್ಯಾಸ ಆ ನಾಲಿಗೆಗೆ ಇರಲಿಲ್ಲ. ಅವನು ಕೀಲಿಮಣೆಯ ಮುಂದೆ ಕುಳಿತು, ಕಚೇರಿಯವರದೇ ಪ್ರಶ್ನೆಗಳನ್ನು ಸೋಸಿ ತೆಗೆದ. ಗೆರೆ ಹಗ್ಗ ಕಡಿದ ಬಿಂದಿಗೆಯಂತೆ ತಳಕ್ಕೆ ಬಿತ್ತು.

“ಸೊನ್ನೆ ಬಿಂದು ಸೊನ್ನೆ ಸೊನ್ನೆ, ಸಾರ್.”

ತನಿಖಾಧಿಕಾರಿ ಚೀಲದಿಂದ ಒಂದು ಸುತ್ತೋಲೆ ತೆಗೆದು ಮೇಲ್ವಿಚಾರಕಿಗೆ ಕೊಟ್ಟರು. “ಮೂರು ವಾರದಿಂದ ಮರಣ ನೋಂದಣಿ ಎಲ್ಲ ಹೊಸ ಕೇಂದ್ರ ಕಚೇರಿಗೇ ಹೋಗ್ತಿದೆ. ಈ ಸುತ್ತೋಲೆ ನಿಮಗೂ ಕಳಿಸಿದ್ವಿ. ನೀವು ತೆರೆದು ನೋಡಿರ್ಲಿಲ್ಲ ಅನ್ಸತ್ತೆ. ನಿಮ್ಮ ವಿಭಾಗದ ಮೂಲಕ ಈಚೆಗೆ ಯಾರೂ ಸತ್ತಿಲ್ಲ.”

ನಾಲ್ಕೂವರೆಯೊಳಗೆ ಎಲ್ಲ ಮುಗಿಯಿತು. ಖಾಯಂ ನೌಕರರಾದ ಮೂವರಿಗೂ ಕೇಂದ್ರ ಕಚೇರಿಗೆ ವರ್ಗವಾಯಿತು. ಬೀಗ ಹೋಗುವಾಗ ತನ್ನ ಕುರ್ಚಿಯನ್ನೂ ಉರುಳಿಸಿಕೊಂಡು ಹೋದ. ಕೊನೆಗೆ ತನಿಖಾಧಿಕಾರಿ ದಶಾಂಶನ ಹೆಗಲ ಮೇಲೆ ಕೈಯಿಟ್ಟರು.

“ಇಲ್ಲಿ ಸತ್ಯ ಹೇಳಿದ್ದು ನೀವೊಬ್ಬರೇ. ನಿಮ್ಮನ್ನ ಕೈಬಿಡಲ್ಲ. ನಿಮ್ಮ ಫೈಲಿನ ಮೇಲೇ ಆದೇಶ ಬರೆದಿದೀನಿ, ಓದ್ಕೊಳ್ಳಿ.”

ದಶಾಂಶ ಓದಿದ. ಮುಚ್ಚಿದ ವಿಭಾಗದ ಐವತ್ತು ಯಂತ್ರಗಳನ್ನು ವಿಲೇವಾರಿ ಮಾಡುವ ಮುನ್ನ, ಸತತ ತೊಂಬತ್ತು ದಿನ ಅವುಗಳಿಗೆ ಒಂದು ಕೋರಿಕೆಯೂ ಬಂದಿಲ್ಲವೆಂದು ಸಾಬೀತಾಗಬೇಕು. ಸದರಿ ನೌಕರನು ಪ್ರತಿದಿನ ಸಂಜೆ ಐದಕ್ಕೆ ಎಲ್ಲ ಪ್ರಾಕ್ಸಿಗಳ ಎಣಿಕೆ ಪಡೆದು ವರದಿ ಕಳಿಸತಕ್ಕದ್ದು. ತೊಂಬತ್ತನೆಯ ದಿನ ಆತನನ್ನು ಖಾಯಂಗೊಳಿಸತಕ್ಕದ್ದು. ಅವನ ಕಣ್ಣು ತುಂಬಿ ಬಂತು. ಕೆಳಗೆ, ಮೆಲುದನಿಯಷ್ಟೇ ಸಣ್ಣ ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: ಸೋಸಿದರೆ ಎಂಥ ಗೆರೆಯೂ ತಳಕ್ಕೆ ಬೀಳುತ್ತದೆಂಬುದು ಇಂದು ಖುದ್ದಾಗಿ ಕಂಡುಬಂದಿರುವುದರಿಂದ, ಎಣಿಕೆಯಿಂದ ಯಾವುದನ್ನೂ, ಯಾರನ್ನೂ, ಯಾವ ಕಾರಣಕ್ಕೂ ಸೋಸತಕ್ಕದ್ದಲ್ಲ. ಒಂದು ಕೋರಿಕೆ ಕಂಡರೂ ತೊಂಬತ್ತು ದಿನಗಳ ಗಣನೆ ಮರುದಿನದಿಂದ ಹೊಸದಾಗಿ ಆರಂಭವಾಗತಕ್ಕದ್ದು.

ತಲೆಯೆತ್ತುವಷ್ಟರಲ್ಲಿ ತನಿಖಾಧಿಕಾರಿಯ ಕಾರು ಗೇಟು ದಾಟಿತ್ತು.

ಎಲ್ಲರ ಹಳೆಯ ಪ್ರಶ್ನೆಗಳನ್ನು ನಿಲ್ಲಿಸಿ, ಎಣಿಕೆಗಳನ್ನು ಸೊನ್ನೆಗೆ ತಂದು, ಐದು ಗಂಟೆಗೆ, ಖಾಲಿ ಕೋಣೆಯಲ್ಲಿ ಒಬ್ಬನೇ ಕುಳಿತು, ದಶಾಂಶ ಐವತ್ತು ದ್ವಾರಪಾಲಕರನ್ನು ತಲಾ ಒಮ್ಮೆ ಕೇಳಿದ: ಯಾರಾದರೂ ಬಂದಿದ್ದರೇ?

ಬಂದಿದ್ದರು ಎಂದರು ದ್ವಾರಪಾಲಕರು. ಒಬ್ಬ. ಈಗಷ್ಟೇ.

ಫೋನು ರಿಂಗಾಯಿತು.

“ಏನಾಯ್ತೋ? ಖಾಯಂ ಆಯ್ತಾ?”

“ಆಗತ್ತಂತೆ ಅಕ್ಕಾ. ತೊಂಬತ್ತು ದಿನ ಅಷ್ಟೇ.”

“ಅಬ್ಬ! ಅಷ್ಟು ದಿನ ತಾನೆ, ನಿಮ್ಮ ಭಾವಂಗೆ ನಾನು ಹೇಳ್ತೀನಿ ಬಿಡು. ಯಾವತ್ತಿಂದ ಲೆಕ್ಕ?”

ದಶಾಂಶ ಪರದೆಯನ್ನು ನೋಡಿದ. ಅಕ್ಕನಿಗೂ ಅವನು ಸುಳ್ಳು ಹೇಳುವವನಲ್ಲ.

“ನಾಳೆಯಿಂದ” ಎಂದ.