ಚಾವಣಿಯ ಮೂಲಕ ಪ್ರವೇಶ

ಚರ್ಚಿನ ಬಾಗಿಲಿಗೆ ಮೆಟ್ಟಿಲುಗಳಿವೆ ಎಂಬುದೂ, ಗಾಲಿಕುರ್ಚಿ ಮೆಟ್ಟಿಲು ಹತ್ತುವುದಿಲ್ಲ ಎಂಬುದೂ ಜಂಟಿ ಸಮಿತಿಯ ಗಮನಕ್ಕೆ ಬಂದಿರುತ್ತದೆ.

ತಂದವನು ಬಡಗಿ. ಅವನ ತಾಯಿಗೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಕಣ್ಣು ಮುಚ್ಚುವುದರೊಳಗೆ ಒಮ್ಮೆ ತನ್ನ ಹಳೆಯ ಜಾಗದಲ್ಲಿ ಕೂತು ಪ್ರಸಾದದ ರೊಟ್ಟಿ, ದ್ರಾಕ್ಷಾರಸ ಸ್ವೀಕರಿಸಬೇಕೆಂಬುದೊಂದೇ ಆಕೆಯ ಆಸೆ. ಮೆಟ್ಟಿಲ ಮೇಲೊಂದು ಇಳಿಜಾರು ಹಲಗೆ ಹಾಕಿದರೆ ಮುಗಿಯಿತು, ಹಲಗೆಯೂ ನನ್ನದೇ, ಮೊಳೆಯೂ ನನ್ನದೇ ಎಂದು ಬಡಗಿ ಕೈಮುಗಿದ. ಪಾಪ, ಕೆಲಸ ಮುಗಿಯುವುದು ಮೊಳೆಯಿಂದ ಎಂದುಕೊಂಡಿದ್ದ.

ಆ ಕಟ್ಟಡವನ್ನು ಎರಡು ಪಂಗಡಗಳು ಹಂಚಿಕೊಂಡಿದ್ದವು. ಗ್ರಂಥದ ಪಂಗಡಕ್ಕೆ ಬರೆದದ್ದಷ್ಟೇ ಸತ್ಯ. ಪರಂಪರೆಯ ಪಂಗಡಕ್ಕೆ ಹಿರಿಯರು ನಡೆದದ್ದೇ ದಾರಿ.

"ಇಳಿಜಾರು ಹಲಗೆ ಅಂತ ಗ್ರಂಥದಲ್ಲಿ ಎಲ್ಲಿದೆ, ತೋರಿಸಪ್ಪ," ಎಂದರು ಗ್ರಂಥದ ಪಾಸ್ಟರ್.

"ನಮ್ಮ ಅಜ್ಜಂದಿರು ಯಾರೂ ಹಲಗೆ ಮೇಲೆ ಬಂದವರಲ್ಲ," ಎಂದರು ಪರಂಪರೆಯ ಫಾದರ್.

"ಅವರಿಗೆಲ್ಲ ಕಾಲಿತ್ತಲ್ಲ ಫಾದರ್!" ಎಂದ ಬಡಗಿ.

ಪಾಸ್ಟರ್ ಪುಟ ತಿರುವಿದರು. ನಾಲ್ವರು ಸೇರಿ ಒಬ್ಬ ಪಾರ್ಶ್ವವಾಯು ರೋಗಿಯನ್ನು, ಮನೆಯ ಚಾವಣಿ ಕಿತ್ತು, ಹಾಸಿಗೆ ಸಮೇತ ಯೇಸುವಿನ ಮುಂದೆ ಇಳಿಸಿದ ಪ್ರಸಂಗ ಸಿಕ್ಕಿತು. "ನಡೆಯೋಕಾಗದವರು ಬರಬೇಕಾದ ದಾರಿ ಇದು. ಸ್ಪಷ್ಟವಾಗಿದೆ."

ಫಾದರ್ ಗೋಡೆ ನೋಡಿದರು. ಅದೇ ಪ್ರಸಂಗದ ಚಿತ್ರ ಮಸಿ ಹಿಡಿದು ನೇತಾಡುತ್ತಿತ್ತು. ಮಸಿ ಹಿಡಿದಿದ್ದರಿಂದ ಅದು ಪರಂಪರೆಯೇ ಸರಿ. ತಲೆತಲಾಂತರದಿಂದ ಹಾವು ಮುಂಗುಸಿಯಂತಿದ್ದ ಪಂಗಡಗಳು ಅಂದು ಅಪ್ಪಿಕೊಂಡು ಅತ್ತವು. ಮರುದಿನ ಪ್ರಕಟಣೆ ಹೊರಬಿತ್ತು:

"ಇನ್ನು ಮುಂದೆ ನಡೆಯಲಾಗದವರ ಪ್ರವೇಶ ಚಾವಣಿಯ ಮೂಲಕ. ಇಳಿಸುವವರು ನಾಲ್ವರೇ ಇರತಕ್ಕದ್ದು. ಇಳಿಸುವಾಗ ಗಂಟೆ ಬಾರಿಸತಕ್ಕದ್ದು. ಹಗ್ಗದ ವಿಷಯದಲ್ಲಿ ಗ್ರಂಥವೂ ಪರಂಪರೆಯೂ ಮೌನವಾಗಿರುವುದರಿಂದ ಹಗ್ಗವನ್ನು ಬಡಗಿಯೇ ತರತಕ್ಕದ್ದು."

"ಅಮ್ಮನ್ನ ಚಾವಣಿಗೆ ಹತ್ತಿಸೋದು ಹೇಗೆ ಪಾಸ್ಟರ್?"

"ಆ ನಾಲ್ವರು ಹೇಗೆ ಹತ್ತಿದರು ಅಂತ ಬರೆದಿಲ್ಲ. ಹಾಗಾಗಿ ಅಲ್ಲಿ ನಿನಗೆ ಪೂರ್ತಿ ಸ್ವಾತಂತ್ರ್ಯ. ಬೇಕಿದ್ರೆ ಇಳಿಜಾರು ಹಲಗೆ ಹಾಕ್ಕೋ."

ಬಡಗಿ ಸಾಲ ತಂದ ಮರದಲ್ಲಿ ಇಳಿಜಾರು ಕಟ್ಟಿದ. ಅದು ಅಂಗಳದಿಂದ ಹೊರಟು, ಬಾಗಿಲ ಹೊಸ್ತಿಲ ಸಮಕ್ಕೆ ಹಾದು, ಕಟ್ಟಡವನ್ನು ಸುತ್ತುತ್ತ ಚಾವಣಿಗೆ ಏರಿತು. ಮೊದಲ ಭಾನುವಾರ ಹೊಸ್ತಿಲ ಬಳಿ ಕುರ್ಚಿ ತಳ್ಳುತ್ತಿದ್ದ ಅವನ ಕೈ ತಾನಾಗಿ ನಿಂತಿತು. ಒಳಗೆ ತಾಯಿಯ ಜಾಗ ಕಾಣುತ್ತಿತ್ತು.

"ದಾರಿಗೆ ಅಡ್ಡ ನಿಲ್ಲಬೇಡಪ್ಪ, ಮುಂದೆ ಹೋಗು," ಎಂದರು ಸಮಿತಿಯವರು.

ತಾಯಿ ಗಂಟೆಯ ಸದ್ದಿನ ನಡುವೆ ಕಣ್ಣು ಮುಚ್ಚಿಕೊಂಡು ಇಳಿದಳು. ಜನ ಚಪ್ಪಾಳೆ ತಟ್ಟಿದರು. ಕೆಲವು ವಾರಗಳಲ್ಲಿ ಕಾಲು ಗಟ್ಟಿ ಇದ್ದವರೂ ಚಾವಣಿಯಿಂದಲೇ ಇಳಿಯತೊಡಗಿದರು. ಬಾಗಿಲಿಂದ ಬರುವವರನ್ನು ಭಕ್ತಿ ಸಾಲದವರೆಂದು ಮಾತಾಡಿಕೊಂಡರು. ಮಳೆಗಾಲದಲ್ಲಿ ಕಿತ್ತ ಚಾವಣಿಯ ಕೆಳಗೆ ಎಲ್ಲರೂ ಒದ್ದೆಯಾಗಿ ಪ್ರಾರ್ಥಿಸಿದರು.

ಒಂದು ಭಾನುವಾರ ಹೊಸ್ತಿಲ ಬಳಿ ಯಾರೂ ಇರಲಿಲ್ಲ. ಬಡಗಿ ಬಗ್ಗಿ ಪಿಸುಗುಟ್ಟಿದ: "ಅಮ್ಮಾ, ಬಾಗಿಲು ತೆಗೆದಿದೆ. ಒಳಗೆ ತಳ್ಳಿಬಿಡ್ಲಾ?"

ತಾಯಿ ಸೊಂಟದ ಹಗ್ಗ ಬಿಗಿ ಮಾಡಿಕೊಂಡಳು.

"ಬಾಗಿಲಿಂದ ಹೋಗೋಕೆ ನಾನೇನು ಧರ್ಮ ಬಿಟ್ಟವಳೇನೋ? ಮೇಲಕ್ಕೆ ತಳ್ಳು, ಗಂಟೆ ಹೊಡೀತಿದೆ."