ತಾತನ ಕರ್ಚೀಫು

ಶಾಲೆಯಲ್ಲಿ ಭೂಕಂಪದ ಡ್ರಿಲ್ ಎಂದರೆ ಸಾಕು, ಸುಮುಖನಿಗೆ ಹೊಟ್ಟೆನೋವು ಬರುತ್ತಿತ್ತು. ಅಂದೂ ಎದ್ದವನೇ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಮುದುರಿದ.

ಮೈಸೂರಿನಿಂದ ಅಮೆರಿಕದ ಇಸ್ಸಾಕ್ವಾ ಊರಿನ ಮಗಳ ಮನೆಗೆ ಬಂದಿದ್ದ ತಾತ ದ್ವಾರಕಾನಾಥರು ಕಾಫಿ ಲೋಟ ಕೆಳಗಿಟ್ಟರು.

"ಇಷ್ಟಕ್ಕೆಲ್ಲ ಹೆದರ್ತಾರೇನೋ? ಎಪ್ಪತ್ತೊಂದರ ಯುದ್ಧದಲ್ಲಿ ನಾನು ಮೂರನೇ ಕ್ಲಾಸು. ಸೈರನ್ ಕೂಗಿದ ತಕ್ಷಣ ಕಿವಿಗೆ ಹತ್ತಿ, ಹಲ್ಲಿಗೆ ಕರ್ಚೀಫು, ಬೆಂಚಿನ ಕೆಳಗೆ ಬೋರಲು! ಅಣುಬಾಂಬ್ ಬಿದ್ರೂ ಏನೂ ಆಗಲ್ಲ ಅಂದಿದ್ರು ನಮ್ಮ ಹೆಡ್‌ಮಾಸ್ಟ್ರು."

ಕರ್ಚೀಫಿನ ಮೇಲೆ ಅಷ್ಟು ಭರವಸೆಯಿಟ್ಟ ಹೆಡ್‌ಮಾಸ್ಟರನ್ನು ನೆನೆದು ಮಗಳು ಮಧುರಾ ನಗು ನುಂಗಿದಳು. ಮೊಸರಿಗೆ ಹೆಪ್ಪು ಕೇಳಲು ಬಂದಿದ್ದ ಪಕ್ಕದ ಮನೆಯ ವಸಂತಲಕ್ಷ್ಮಿ ಮಾತ್ರ ನಗಲಿಲ್ಲ. ಆಕೆ ಶಾಲೆಯ ವಾಲಂಟಿಯರು.

"ಅಂಕಲ್, ನೀವೂ ಬಂದ್ಬಿಡಿ! ತಾತ ಡೆಮೊ ಕೊಡ್ತಾರೆ ಅಂತ ಟೀಚರ್‌ಗೆ ಮೆಸೇಜ್ ಮಾಡ್ತೀನಿ."

ತಾತ ಬಾಯಿ ತೆರೆಯುವಷ್ಟರಲ್ಲಿ ಮೆಸೇಜು ಹೋಗಿತ್ತು. ಸುಮುಖ ತಲೆಯೆತ್ತಿ ಕೇಳಿದ: "ಪ್ರಾಮಿಸ್, ತಾತ?"

ಆ ಮುಖ ನೋಡಿ ಇಲ್ಲ ಎನ್ನುವುದು ಹೇಗೆ? "ಪ್ರಾಮಿಸ್. ಪಕ್ಕದಲ್ಲೇ ಇರ್ತೀನಿ. ಆದ್ರೆ ಪೂರ್ತಿ ಎದ್ದು ನಿಲ್ಲೋವರೆಗೂ ಕರ್ಚೀಫು ತೆಗೀಬಾರದು, ತಿಳೀತಾ?"

ಶಾಲೆಯಲ್ಲಿ ಡ್ರಿಲ್ಲಿನ ಗಂಟೆ ಹೊಡೆಯಿತು. ಏಳು ವರ್ಷದವರಿಗೆಂದು ಮಾಡಿದ ಮೇಜಿನ ಕೆಳಗೆ ತಾತ, ಹುಂಡಿಗೆ ತುರುಕಿದ ತೆಂಗಿನಕಾಯಿಯಂತೆ ಹೊಕ್ಕರು. ಕಿವಿಗೆ ಹತ್ತಿ, ಹಲ್ಲಿಗೆ ಕರ್ಚೀಫು. ಪಕ್ಕದಲ್ಲಿ ಸುಮುಖ, ಕಣ್ಣಲ್ಲಿ ಒಂದು ಹನಿಯೂ ಇಲ್ಲ.

ಡ್ರಿಲ್ ಮುಗಿದು ಮಕ್ಕಳೆಲ್ಲ ಎದ್ದರು. ತಾತನೂ ಏಳಹೋದರು. ಸೊಂಟ ಲಟಕ್ಕೆಂದಿತು. ಕಿರುಚಿದರೆ ಕರ್ಚೀಫಿನಿಂದ ಬಂದದ್ದು "ಮ್ಮ್ಮ್" ಮಾತ್ರ. ಎರಡೂ ಕೈ ಮೇಜಿನ ಕಾಲನ್ನು ಬಿಡುವಂತಿರಲಿಲ್ಲ. ಹೇಗೋ ಕರ್ಚೀಫು ಉಗಿದು "ಸೊಂ..." ಅಂದರು. ಸುಮುಖ ಅದನ್ನು ಎತ್ತಿ ಮತ್ತೆ ಬಾಯಿಗೆ ತುರುಕಿದ.

"ನೋ, ತಾತ! ರೂಲ್ಸ್ ಆರ್ ರೂಲ್ಸ್!"

ಟೀಚರ್ ಬಗ್ಗಿ ನೋಡಿ, "ವಾವ್, ಎಷ್ಟು ರಿಯಲ್!" ಎಂದು ಚಪ್ಪಾಳೆ ತಟ್ಟಿದರು. ಹತ್ತಿ ತುಂಬಿದ ಕಿವಿಗೆ ಅದು ಕೇಳಲಿಲ್ಲ. ಡಾಕ್ಟರನ್ನು ಕರೆಸುತ್ತಿದ್ದಾರೆಂದುಕೊಂಡು ತಾತ ಕಣ್ಣಲ್ಲೇ ಕೃತಜ್ಞತೆ ಸೂಚಿಸಿದರು. ಬಂದದ್ದು ಫಸ್ಟ್ ಏಡ್ ಡಬ್ಬಿ. ಇಡೀ ಕ್ಲಾಸು ಅವರಿಗೆ ಬ್ಯಾಂಡೇಜು ಸುತ್ತಿತು. ಮೇಸ್ತ್ರಿ ಸುಮುಖನೇ! ಕೊನೆಗೆ ಎಲ್ಲರೂ ಸೇರಿ ಕಾಲು ಹಿಡಿದು ಎಳೆದಾಗ ಸೊಂಟ ಮತ್ತೆ ಲಟಕ್ಕೆಂದು ತನ್ನ ಜಾಗಕ್ಕೆ ಬಂತು. ತಾತನಿಗೆ ಹೋದ ಜೀವ ಬಂದಂತಾಯಿತು.

ಸಂಜೆ ಸುಮುಖ ಎರಡು ದೋಸೆ ತಿಂದು ಮೂರನೆಯದಕ್ಕೆ ತಟ್ಟೆ ಒಡ್ಡಿದ. ಮಧುರಾಳ ಕಣ್ಣು ತುಂಬಿತು. "ಸದ್ಯ, ಮಗೂಗೆ ಭಯ ಬಿಡ್ತಲ್ಲ ಅಪ್ಪಾ!" ತಾತ ಬಿಸಿನೀರಿನ ಚೀಲಕ್ಕೆ ಒರಗಿ ನೆಮ್ಮದಿಯ ಉಸಿರು ಬಿಟ್ಟರು.

ಅಷ್ಟರಲ್ಲಿ ವಸಂತಲಕ್ಷ್ಮಿ ಹೆಪ್ಪಿನ ಬಟ್ಟಲು ಹಿಂದಿರುಗಿಸಲು ಬಂದಳು. "ಅಂಕಲ್, ಟೀಚರ್ ಫುಲ್ ಖುಷಿ! ಇಂಥ ಆ್ಯಕ್ಟಿಂಗ್ ನೋಡೇ ಇಲ್ವಂತೆ. ಮುಂದಿನ ಡ್ರಿಲ್‌ನಲ್ಲಿ ಇಡೀ ಸ್ಕೂಲಿಗೇ ಪೇಷೆಂಟ್ ನೀವೇ. ಸುಮುಖ್ ಆಗ್ಲೇ ಪ್ರಾಮಿಸ್ ಮಾಡಿದಾನೆ!"

ಮುಂದಿನ ಡ್ರಿಲ್ಲಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಮುದುರಿದವರು ತಾತ. ಎದುರಿಗೆ ಶೂ ಹಾಕಿಕೊಂಡು ಸುಮುಖ ನಿಂತಿದ್ದ, ಒಗೆದು ಮಡಿಸಿದ ಕರ್ಚೀಫು ಹಿಡಿದು.