ಗಿಳಿಗಳು ಮೆಚ್ಚಿದ ಗಿಟಾರು

ನನ್ನ ಸಂಗೀತಜ್ಞಾನಕ್ಕೆ ಯರಗುಪ್ಪಿಯಲ್ಲಿ ಮೂರು ಕಾಸಿನ ಬೆಲೆಯಿಲ್ಲ. ಅರವತ್ತರ ದಶಕದಲ್ಲಿ ಅಮೆರಿಕದ ಯಾವುದೋ ಊರಿನ ಹುಡುಗರು ಅಪ್ಪನ ಕಾರ್ ಶೆಡ್ಡಿನಲ್ಲಿ ಗಿಟಾರು ಬಡಿದು, ಒಂದೇ ಒಂದು ರೆಕಾರ್ಡು ಹೊರಡಿಸಿ, ಹೆತ್ತವರಿಗೂ ನೆನಪಿಲ್ಲದಂತೆ ಮಾಯವಾಗುತ್ತಿದ್ದರು. ಅಂಥವರನ್ನೇ ಹುಡುಕಿ ಹುಡುಕಿ, ನನ್ನ ಹಳೆಯ ರೆಕಾರ್ಡ್ ಪ್ಲೇಯರ್ ಡಬ್ಬಿಯಲ್ಲಿ ಹಾಕಿ ಕೇಳುವವನು ನಾನು. (ಹೆಸರಾದವರ ಹಾಡನ್ನು ಯಾರು ಬೇಕಾದರೂ ಕೇಳುತ್ತಾರೆ, ಅದರಲ್ಲೇನು ಬಂತು?)

ನನ್ನ ಧರ್ಮಪತ್ನಿ ಶಬೀನಾಳಿಗೆ ಇದು ತಿಳಿದರೆ ತಾನೆ!

“ಏನ್ರಿ ಇದು, ಗಿರಣ್ಯಾಗ ಕಲ್ಲು ಸಿಕ್ಕಾಂಗ ಸಪ್ಪಳಾ! ಮ್ಯಾಲ ನೀವೂ ಅದರ ಜೋಡಿ ಒದರತೀರಿ.”

“ಇದಕ್ಕ ಸೈಕೆಡೆಲಿಕ್ ಅಂತಾರ. ಕೇಳಿದ್ರ ಮನಸ್ಸು ಮ್ಯಾಲ ಹಾರತೈತಿ.”

“ಹಾರೂ ಗಿಳಿ ನಮ್ಮ ಹೊಲದಾಗ ಕುಂತಾವ! ಜ್ವಾಳದ ತೆನಿ ಹಾಲು ತುಂಬ್ಯಾವ, ಕಾಯಾಕ ನೀವು ಹೋಗಂಗಿಲ್ಲ. ನಾಳೆ ಈ ಡಬ್ಬಿ ಗುಜರಿಯಾಂವಗ ಹಾಕ್ತೀನಿ ನೋಡ್ರಿ!”

ಗುಜರಿ! ಡಬ್ಬಿಯನ್ನು ಎದೆಗವಚಿಕೊಂಡೆ. ಅಷ್ಟರಲ್ಲಿ ಒಂದು ದಿವ್ಯೋಪಾಯ ಹೊಳೆಯಿತು.

“ಡಬ್ಬಿ ಹೊಲಕ್ಕ ಒಯ್ತೀನಿ. ಈ ಸಪ್ಪಳಕ್ಕ ಗಿಳಿ ಓಡಿದ್ರ ಡಬ್ಬಿ ಮನ್ಯಾಗ ಇರಬೇಕು.”

“ಓಡಲಿಲ್ಲಂದ್ರ?”

“ಗುಜರಿಗೆ ಹಾಕು!” (ಗಂಡಸಿನ ಮಾತು. ಆಮೇಲೆ ನುಂಗಲು ಬರುವುದಿಲ್ಲ.)

ಮರುದಿನ ಟ್ರ್ಯಾಕ್ಟರಿನ ಬ್ಯಾಟರಿಗೆ ವೈರು ಜೋಡಿಸಿ, ಡಬ್ಬಿಯ ಸಮೇತ ಹಕ್ಕಿ ಕಾಯುವ ಅಟ್ಟಣಿಗೆ ಹತ್ತಿದೆ. ಕೆಳಗೆ ಶಬೀನಾ. ಬಾಜೂ ಹೊಲದ ಕುಬೇರಪ್ಪ ಕವಣೆ ಬಿಟ್ಟು, ಬದುವಿನ ಮೇಲೆ ಮೇಯುತ್ತಿದ್ದ ತನ್ನ ಎತ್ತುಗಳ ಪಕ್ಕ ಬಂದು ನಿಂತ. ರೆಕಾರ್ಡಿನ ಮೇಲೆ ಮುಳ್ಳಿಟ್ಟೆ. ಗಿಟಾರು ಕಿರುಚಿತು. ಒಂದು ಗಿಳಿಯೂ ಏಳಲಿಲ್ಲ. ಅದು ಹಾಳಾಗಲಿ, ಕುಬೇರಪ್ಪನ ಹೊಲದ ಗಿಳಿಗಳೂ ಹಿಂಡುಗಟ್ಟಿ ನಮ್ಮ ಹೊಲಕ್ಕೇ ಬಂದಿಳಿದವು. ತೆನೆ ತಿನ್ನುತ್ತಾ ತಾಳಕ್ಕೆ ತಕ್ಕಂತೆ ತಲೆಯಾಡಿಸತೊಡಗಿದವು.

“ಅಗದಿ ಚಲೋ ಆತ್ರಿ ಮುನಾಫ್‌ಸಾಬ್ರ! ನನ್ನ ಹೊಲ ಖಾಲಿ ಆತು. ನಾಳಿನೂ ಹಚ್ರಿ!” ಎಂದ ಕುಬೇರಪ್ಪ.

ನನಗೆ ಜೋಳ, ಪಂದ್ಯ ಎಲ್ಲ ಮರೆತೇಹೋಯಿತು. ಕೊನೆಗೂ ನನ್ನ ಹಾಡಿಗೆ ರಸಿಕರು ಸಿಕ್ಕಿದ್ದರು! ಸಂತೋಷ ತಡೆಯದೆ, ಕಣ್ಣು ಮುಚ್ಚಿ, ನಾನೂ ಗಾಯಕನ ಜೊತೆ ದನಿಗೂಡಿಸಿದೆ.

ಭರ್ರ್!

ಕಣ್ಣು ತೆರೆದರೆ ಹೊಲದಲ್ಲಿ ಒಂದೂ ಗಿಳಿಯಿಲ್ಲ. ಕುಬೇರಪ್ಪನ ಎತ್ತುಗಳೂ ಕಾಣಲಿಲ್ಲ. ಶಬೀನಾ ಬಿದ್ದು ಬಿದ್ದು ನಗುತ್ತಿದ್ದಳು.

“ನೀವ ಗೆದ್ರಿ ತಗೋರಿ! ಡಬ್ಬಿ ಮನ್ಯಾಗ ಇರ್ಲಿ. ನೀವು ಮಾತ್ರ ಸುಗ್ಗಿ ಮುಗಿಯೂ ತನಕ ಇಲ್ಲೇ ಹಾಡಕೋತ ಕುಂದರ್ರಿ.”

ಈಗ ಹಗಲೆಲ್ಲ ಅಟ್ಟಣಿಗೆಯ ಮೇಲೆ ನನ್ನದೇ ಕಚೇರಿ. ನಿನ್ನೆ ಬುತ್ತಿ ತಂದ ಶಬೀನಾ ಯಾವುದೋ ರಾಗ ಗುನುಗುತ್ತಿದ್ದಳು. ಕಿವಿಗೊಟ್ಟು ಕೇಳಿದೆ. ನನ್ನದೇ ರೆಕಾರ್ಡಿನದು!

“ರೊಟ್ಟಿ ಬಡಿಯೂ ಮುಂದ ಡಬ್ಬಿ ಹಚ್ಚಿದ್ದೆ,” ಎಂದಳು. “ನೀವು ಜೋಡಿ ಒದರದಿದ್ರ ಹಾಡು ಭಾಳ ಚಲೋ ಅದಾವ್ರಿ.”